ಬೆಲೆಯೂ ಯೋಗ್ಯತೆಯೂ

ಹತ್ತನೆಯ ತರಗತಿಯನ್ನು ಮುಗಿಸಿ ಕಾಲೇಜು ಸೇರಲಿರುವ ನಮ್ಮಲ್ಲಿ ಹಲವರಿಗೆ ಒಂದು ಲ್ಯಾಪ್‌ಟಾಪ್ ಬೇಕೆಂಬ ಹಂಬಲವುಂಟು. ಹಂಬಲವು ತಪ್ಪಲ್ಲ. ಆದರೆ ಬೆಲೆ ಏರಿದಷ್ಟೂ ವಸ್ತುವು ಉತ್ತಮವಾಗುವುದೆಂಬ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ನಾವು ವಿಚಾರಿಸಿ ನೋಡಬೇಕು.

ದುಬಾರಿ ಯಂತ್ರದಲ್ಲಿ ಹುರುಳೇ ಇಲ್ಲವೆಂದು ನಾವು ಹೇಳಲಾರೆವು. 2020ರ ನವೆಂಬರಿನಲ್ಲಿ ಆ್ಯಪಲ್ ಸಂಸ್ಥೆಯು ಎಂ1 ಚಿಪ್ಪನ್ನು ಅಳವಡಿಸಿದ ಮ್ಯಾಕ್‌ಬುಕ್ ಏರ್ ಎಂಬುದನ್ನು ಹೊರತಂದಿತು. ಭಾರತದಲ್ಲಿ ಅದರ ಆರಂಭದ ಬೆಲೆ 92,900 ರೂಪಾಯಿ. ಒಳಗೆ ಫ್ಯಾನಿಲ್ಲದಿದ್ದರೂ ವೇಗವಾಗಿ ದುಡಿಯುವ, ಒಮ್ಮೆ ಚಾರ್ಜು ಮಾಡಿದರೆ ಬಹಳ ಹೊತ್ತು ನಡೆಯುವ ಆ ಯಂತ್ರವು ಮೆಚ್ಚುಗೆಗೆ ಪಾತ್ರವಾದುದು ನ್ಯಾಯವೇ ಸರಿ. ಆದರೆ ಅದೇ ಸಂಸ್ಥೆಯು 2015ರಿಂದ ಕೆಲವು ವರ್ಷ ತನ್ನ ಬೆಲೆಬಾಳುವ ಲ್ಯಾಪ್‌ಟಾಪುಗಳಲ್ಲಿ, ಅವು ತೆಳ್ಳಗಾಗಲೆಂದು, ‘ಬಟರ್‌ಫ್ಲೈ’ ಎಂಬ ಹೊಸ ಬಗೆಯ ಕೀಲಿಮಣೆಯನ್ನು ಇಟ್ಟಿತ್ತು. ಕೀಲಿಗಳು ಸಿಕ್ಕಿಕೊಳ್ಳುವುವೆಂಬ ದೂರುಗಳು ಹೆಚ್ಚಿ, 2018ರಲ್ಲಿ ಅದು ಉಚಿತ ದುರಸ್ತಿಯ ಯೋಜನೆಯನ್ನೇ ಸಾರಬೇಕಾಯಿತು. ಬೆಲೆಯು ಬಾಳಿಕೆಗೆ ಜಾಮೀನಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇನ್ನೊಂದು ಮಾತು. ಎಂ1 ಮ್ಯಾಕ್‌ಬುಕ್ ಏರಿನಲ್ಲಿ ಮೆಮೊರಿಯು ಚಿಪ್ಪಿನೊಡನೆಯೇ ಬೆಸೆದುಕೊಂಡಿದೆ. 8 ಜಿಬಿಯದನ್ನು ಕೊಂಡವರು ಮುಂದೆ ಅದನ್ನು 16 ಜಿಬಿ ಮಾಡಿಕೊಳ್ಳಲಾರರು. ತೆಳುವಾದ ಇತರ ಅನೇಕ ಲ್ಯಾಪ್‌ಟಾಪುಗಳ ಪಾಡೂ ಇದೇ. ತುಸು ದಪ್ಪನೆಯ, ಅಗ್ಗದ ಯಂತ್ರಗಳಲ್ಲಿ ಹಲವಕ್ಕಾದರೋ ಮುಚ್ಚಳವನ್ನು ತೆಗೆದು ಮೆಮೊರಿಯನ್ನು ಕೂಡಿಸಬಹುದು. ಕಣ್ಣಿಗೆ ಕಾಣುವ ಅಂದಕ್ಕೆ ಹಣ ತೆತ್ತು, ಕಾಣದ ಅನುಕೂಲವನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ನಮ್ಮ ಕೆಲಸವಾದರೂ ಎಂಥದು? ಪ್ರಬಂಧ ಬರೆಯುವುದು, ಪಾಠಗಳನ್ನು ಓದುವುದು, ಲೆಕ್ಕಗಳನ್ನು ಪಟ್ಟಿಮಾಡುವುದು. ಯೂನಿಕೋಡಿನಲ್ಲಿ ನಮ್ಮ ‘ಕ’ಕಾರದ ಸಂಕೇತ 0ಸಿ95. ಲಕ್ಷ ರೂಪಾಯಿಯ ಯಂತ್ರದಲ್ಲಿಯೂ ಹಳೆಯ ಯಂತ್ರದಲ್ಲಿಯೂ ಅದು ಒಂದೇ. ಬೆಲೆಯು ಅಕ್ಷರವನ್ನು ದುಂಡಗೆ ಮಾಡದು, ಆಲೋಚನೆಯನ್ನು ತಿದ್ದದು. ಚಲನಚಿತ್ರಗಳನ್ನು ಸಂಕಲನ ಮಾಡುವವರಿಗೆ, ಯಂತ್ರಗಳ ನಕ್ಷೆಗಳನ್ನು ರಚಿಸುವವರಿಗೆ ಹೆಚ್ಚಿನ ಶಕ್ತಿಯ ಯಂತ್ರ ಅವಶ್ಯ. ಅವರು ತೆರುವ ಬೆಲೆ ದುಡಿಮೆಯಲ್ಲಿ ಮರಳಿ ಬರುತ್ತದೆ.

ವಿದ್ಯಾರ್ಥಿಮಿತ್ರರೇ, ಈ ಮಹಾನಗರದಲ್ಲಿ ಲಕ್ಷ ರೂಪಾಯಿಯೆಂದರೆ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಹಲವು ತಿಂಗಳ ಸಂಪಾದನೆ, ತಮ್ಮತಂಗಿಯರ ಶುಲ್ಕ. ನಾವು ಕೇಳಿದರೆ ತಂದೆತಾಯಂದಿರು ಇಲ್ಲವೆನ್ನದೆ ಸಾಲವನ್ನಾದರೂ ಮಾಡಿಯಾರು. ಆದ್ದರಿಂದಲೇ, ಕೇಳುವ ಮೊದಲು ಯೋಚಿಸುವ ಹೊಣೆ ನಮ್ಮದು. ಇದರಿಂದ ನಮಗಾಗುವ ಕೆಲಸವೇನು, ಕೆಟ್ಟರೆ ದುರಸ್ತಿಯಾದೀತೆ, ಎಷ್ಟು ವರ್ಷ ಬಾಳೀತು? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಅಂಗಡಿಯ ಮೆಟ್ಟಿಲನ್ನು ಹತ್ತೋಣ.