ಮರ ಎಣಿಸಿದಿರಿ, ಕೇರಿ ಯಾಕೆ ಎಣಿಸಲಿಲ್ಲ?

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿ ಕತ್ತಲೆಕಾನು ಅಂತ ಒಂದು ಕಾಡಿದೆ. ವರ್ಷವಿಡೀ ಬತ್ತದ ಹಳ್ಳದ ನೀರಲ್ಲಿ ಮಂಡಿ ಮಡಿಸಿದಂಥ ಬೇರೆತ್ತಿ ನಿಂತ ರಾಮಪತ್ರೆ ಜಾತಿಯ ಮರಗಳು. ಆ ಕಡೆಯವರು ಜಡ್ಡಿ ಅಂತಾರೆ, ಪುಸ್ತಕದವರು ಸಿಹಿನೀರಿನ ಜೌಗು ಕಾಡು ಅಂತಾರೆ. 2000ದಲ್ಲಿ ಇಲ್ಲಿನ ಗೇರು ಬಳಗದ ಮರವೊಂದಕ್ಕೆ ಕಾನಿನ ಹೆಸರನ್ನೇ ಇಟ್ಟು, ಲೋಕಕ್ಕೇ ಹೊಸ ಜಾತಿ ಎಂದರು. 2011ರಲ್ಲಿ ಸಿಂಗಳೀಕಕ್ಕಾಗಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಒಳ್ಳೆಯದೇ. ಕಾಡು ಹೋದರೆ ಹಳ್ಳ ಬತ್ತುತ್ತದೆ, ಹಳ್ಳ ಬತ್ತಿದರೆ ಕೊಡ ಹೊತ್ತು ದೂರ ನಡೆಯುವವಳು ಮೊದಲು ಕೇರಿಯ ಹೆಂಗಸೇ.

ಮರ ಎಣಿಸಿದ್ದಕ್ಕೆ ನಮ್ಮ ತಕರಾರಿಲ್ಲ. ಸರ್ವೆಯಲ್ಲಿ 'ಸ್ಥಳೀಯ ಜನ' ಅಂತ ಒಂದು ಪುಟ ಇರುತ್ತಲ್ಲ, ಅದನ್ನು ಯಾರ ಜಗಲಿ ಮೇಲೆ ಕೂತು ತುಂಬುತ್ತೀರಿ? ಜೀಪು ತೋಟದ ಯಜಮಾನರ ಅಂಗಳದಲ್ಲಿ ನಿಲ್ಲುತ್ತೆ. ಕಷಾಯ ಬರುತ್ತೆ. ಅವರು ಹೇಳಿದ್ದೇ ಊರಿನ ಮಾತಾಗುತ್ತೆ. ಕೇರಿಗೆ ಜೀಪು ಹೋಗೋ ದಾರಿ ಇಲ್ಲವಂತೆ! ಬೆತ್ತ ಕೊಯ್ದವರು, ಉಪ್ಪಾಗೆ ಆಯ್ದವರು, ಏಡಿ ಹಿಡಿದವರು 'ಕಾಡಿನ ಮೇಲೆ ಒತ್ತಡ' ಅನ್ನೋ ಕಾಲಂಗೆ ಬೀಳ್ತಾರೆ. ಜೌಗು ಕಡಿದು, ನೀರು ಬಸಿದು ಅಡಿಕೆ ತೋಟ, ಗದ್ದೆ ಮಾಡಿದ್ದು ಮಾತ್ರ 'ಕೃಷಿ'.

ಇದು ಬರೀ ಅವಮಾನದ ಮಾತಲ್ಲ, ಕಾಗದದ ಮಾತು. ಬ್ರಿಟಿಷರ ಕಾಲದಲ್ಲೇ ಈ ಜಿಲ್ಲೆಯ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟ ಬರೆದುಕೊಟ್ಟರು. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಆ ಬೆಟ್ಟದಿಂದ ಸೊಪ್ಪು ಹೊತ್ತ ತಲೆಗೆ ಏನು ಬರೆದುಕೊಟ್ಟರು? ಈಗ 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದವರನ್ನು, ಅಂದರೆ ನಮ್ಮನ್ನೂ, ಕೇಳುತ್ತೆ: 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, 75 ವರ್ಷ, ಇಲ್ಲಿದ್ದಿರಾ? ತೋರಿಸಿ. ಅಂದರೆ 1930ರ ಸಾಕ್ಷಿ. ನಮ್ಮ ಅಜ್ಜಂದಿರಿಗೆ ಭೂಮಿಯನ್ನೇ ಕೊಡದೆ ಇದ್ದಾಗ ಪಹಣಿ ಎಲ್ಲಿಂದ ತರೋದು?

ಅದೇ ಕಾಯ್ದೆಯ ನಿಯಮ 13 ಓದಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದು ಸಾಕ್ಷಿ. ಹಳೇ ಬಾವಿ, ಹೆಣ ಹೂಳುವ ಜಾಗ ಸಾಕ್ಷಿ. ಹೆಸರಾಂತ ಸಂಸ್ಥೆಯ ಅಧ್ಯಯನವೂ ಸಾಕ್ಷಿ! ಅಂದಮೇಲೆ ಇವತ್ತಿನ ಸರ್ವೆಯಲ್ಲಿ ಬಿಟ್ಟ ಕೇರಿ, ನಾಳೆ ಸಮಿತಿಯ ಮುಂದೆ ಇರಲೇ ಇಲ್ಲ ಅಂತಾಗುತ್ತೆ.

ಹಾಸ್ಟೆಲ್ ತಮ್ಮಂದಿರೇ, ತಂಗಿಯರೇ, ರಜೆಯಲ್ಲಿ ದಿನಗೂಲಿಗೆ ಇಂಥ ಫಾರಂ ತುಂಬೋಕೆ ಹೋಗೋರು ನೀವೂ ಇದ್ದೀರಿ. ಹೋಗಿ, ಬೇಡ ಅನ್ನಲ್ಲ, ಆ ದುಡ್ಡೂ ಬೇಕು. ಸಾಹೇಬರು 'ಸಾಕು, ಜೀಪು ಹತ್ತಿ' ಅಂದಾಗ ಮಾತ್ರ ಹತ್ತಬೇಡಿ. ಕೇರಿಗೆ ನಡೀರಿ. ಬೆತ್ತ ಎಲ್ಲಿ ಕೊಯ್ತಾರೆ, ನೀರು ಎಲ್ಲಿಂದ ತರ್ತಾರೆ, ಸತ್ತವರನ್ನು ಎಲ್ಲಿ ಹೂಳ್ತಾರೆ, ಅಜ್ಜಿಯರನ್ನೇ ಮುಂದೆ ಬಿಟ್ಟುಕೊಂಡು ಹೋಗಿ ನೋಡಿ ಬರೀರಿ. ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ. ಒಂದು ಪ್ರತಿ ಸಾಹೇಬರಿಗೆ, ಒಂದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ, ಇನ್ನೊಂದು ಕೇರಿಯಲ್ಲೇ ಇರಲಿ.