ಎರಕದ ಲೆಕ್ಕ, ಎತ್ತರದ ಲೆಕ್ಕ

ಪ್ರತಿಮೆಯೊಂದು ಅನಾವರಣಗೊಂಡ ಮರುದಿನ ಪತ್ರಿಕೆಗಳಲ್ಲಿ ಮೊದಲು ಕಾಣುವುದು ಅದರ ಎತ್ತರ, ಅನಂತರ ವೆಚ್ಚ, ಆಮೇಲೆ ಅನಾವರಣ ಮಾಡಿದ ಗಣ್ಯರ ಹೆಸರು. ಅದನ್ನು ರೂಪಿಸಿದ ಕೈ ಯಾವುದು, ಕಂಚು ಎರಕಗೊಂಡದ್ದು ಎಲ್ಲಿ, ಅದನ್ನು ಹೊತ್ತ ನೆಲ ಯಾರದು ಎಂಬ ಪ್ರಶ್ನೆಗಳು ವರದಿಯ ಕೊನೆಯ ಸಾಲಿಗೆ ಬರುವುದೂ ಅಪರೂಪ. ಕಾವ್ಯವನ್ನು ಓದುವಾಗ ಕವಿ ಯಾರು, ಆಶ್ರಯದಾತ ಯಾರು, ಕಾಲದೇಶಗಳು ಯಾವುವು ಎಂದು ಕೇಳಲು ಕಲಿತ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪ್ರತಿಮೆಯ ಮುಂದೆ ನಿಂತಾಗ ಆ ಪ್ರಶ್ನೆಗಳನ್ನು ಮರೆಯಬೇಕಾಗಿಲ್ಲ. ಗಡಿಭಾಗದ ಊರುಗಳಲ್ಲಂತೂ ಪ್ರತಿಮೆ ಬರಿಯ ಅಲಂಕಾರವಲ್ಲ. ಈ ಚೌಕ ಯಾರದು, ಈ ಊರು ಯಾರದು ಎಂಬ ಸಾರಿಕೆಯೂ ಆಗಿಬಿಡುತ್ತದೆ. ಆದ್ದರಿಂದ ಪ್ರತಿಮೆಯನ್ನು ಓದುವ ವಿದ್ಯೆ ಇಲ್ಲಿ ಇನ್ನಷ್ಟು ಅಗತ್ಯ.

ಈ ಓದಿಗೆ ರಾಮ ಸುತಾರರ ಕೆಲಸಕ್ಕಿಂತ ಒಳ್ಳೆಯ ಪಠ್ಯ ದೊರೆಯಲಾರದು. 1925ರಲ್ಲಿ ಧುಳೆ ಜಿಲ್ಲೆಯ ಗೊಂದೂರಿನಲ್ಲಿ ಜನಿಸಿದ ಅವರದು ಬಡಗಿತನದ ಮನೆ. ಮರಾಠಿಯ 'ಸುತಾರ' ಎಂದರೆ ಕನ್ನಡದ ಬಡಿಗನೇ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 1950ರ ದಶಕದಲ್ಲಿ ಪುರಾತತ್ತ್ವ ಇಲಾಖೆಯ ಸೇವೆಯಲ್ಲಿದ್ದು, ಅಜಂತಾ-ಎಲ್ಲೋರಗಳ ಭಗ್ನಶಿಲ್ಪಗಳ ದುರಸ್ತಿಯಲ್ಲಿ ತೊಡಗಿದ್ದರು. ಹಳೆಯ ಶಿಲ್ಪಿಗಳ ಉಳಿಯ ಗತಿಯನ್ನು ಹತ್ತಿರದಿಂದ ಕಂಡ ಆ ಕೈಗಳೇ ಮುಂದೆ ಸಂಸತ್ತಿನ ಆವರಣದ ಕುಳಿತ ಗಾಂಧಿಯನ್ನೂ, ನರ್ಮದೆಯ ನಡುವಿನ ಸರ್ದಾರ್ ಪಟೇಲರನ್ನೂ, ಬೆಂಗಳೂರಿನ ಕೆಂಪೇಗೌಡರನ್ನೂ ರೂಪಿಸಿದವು. ಒಂದೇ ಬದುಕಿನಲ್ಲಿ ಎರಕ, ಸರ್ಕಾರದ ಬೇಡಿಕೆ, ನೆಲ ಈ ಮೂರರ ನಂಟೂ ಜಗಳವೂ ಕಾಣಸಿಗುತ್ತವೆ.

ಮೊದಲನೆಯದು ಎರಕ. ಕನ್ನಡದ 'ಎರಕ' ಹುಟ್ಟಿದ್ದು 'ಎರೆ' ಎಂಬ ಧಾತುವಿನಿಂದ, ಎಂದರೆ ಹೊಯ್ಯುವುದರಿಂದ. ಮರಾಠಿಯ 'ಓತಣೆ'ಗೂ ಇದೇ ಎರಡರ್ಥ. ನೆರೆಹೊರೆಯ ಎರಡು ಭಾಷೆಗಳು ಈ ಕಸುಬನ್ನು ಒಂದೇ ಕಣ್ಣಿನಿಂದ ಕಂಡಿವೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಮೇಣದೆರಕದ ವಿಧಾನವನ್ನು ಕ್ರಮವಾಗಿ ಹೇಳುತ್ತದೆ. ಮೇಣದಲ್ಲಿ ಮೂರ್ತಿಯನ್ನು ಮಾಡಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಬೆರೆಸಿ ಅರೆದ ಮಣ್ಣನ್ನು ಅದರ ಮೇಲೆ ಮೂರು ಬಾರಿ ಲೇಪಿಸಿ ನೆರಳಿನಲ್ಲಿ ಒಣಗಿಸಬೇಕು. ಕಾಯಿಸಿ ಮೇಣವನ್ನು ಹೊರಹರಿಸಿ, ಆ ಬರಿದಾದ ಎಡೆಗೆ ಕರಗಿದ ಲೋಹವನ್ನು ಎರೆಯಬೇಕು. ಬೇಕಾಗುವ ಲೋಹದ ಲೆಕ್ಕ ಸಿಗುವುದು ಮೊದಲೇ ತೂಗಿಟ್ಟ ಮೇಣದಿಂದ. ಇದೇ ಗ್ರಂಥದ ಸಂಗೀತ ಪ್ರಕರಣದಲ್ಲಿ ಕನ್ನಡ, ಮರಾಠಿ ಪದ್ಯಗಳೂ ಜೊತೆಜೊತೆಗೆ ಬರುತ್ತವೆ ಎಂಬುದು ಗಡಿನಾಡಿನ ವಿದ್ಯಾರ್ಥಿಗೆ ಸಣ್ಣ ಸಂಗತಿಯಲ್ಲ. ಇಲ್ಲಿ ಗಮನಿಸತಕ್ಕದ್ದು ಇಷ್ಟೆ: ಮೇಣದ ಮೂರ್ತಿ ಕರಗಿಹೋದ ಮೇಲೆ ಅದರ ತಪ್ಪನ್ನು ತಿದ್ದುವ ಅವಕಾಶ ಕಡಿಮೆ. ಎರಕದ ಮೇಲ್ಮೈಯಲ್ಲಿ ಉಳಿಯುವುದು ಶಿಲ್ಪಿಯ ಬೆರಳಿನ ತೀರ್ಮಾನ.

ನೂರಾರು ಅಡಿಯ ಪ್ರತಿಮೆಗಳಲ್ಲಿ ಈ ನಂಟು ಸಡಿಲಾಗುತ್ತದೆ. ಶಿಲ್ಪಿ ಮಾಡುವುದು ಚಿಕ್ಕ ಮಾದರಿಯನ್ನು. ಅದನ್ನು ಹಿಗ್ಗಿಸಿ, ತುಂಡುತುಂಡಾಗಿ ಎರಕ ಹೊಯ್ದು, ಒಳಗಿನ ಉಕ್ಕಿನ ಹಂದರಕ್ಕೆ ಜೋಡಿಸುವವರು ಬೇರೆ. 2018ರ ಅಕ್ಟೋಬರ್ 31ರಂದು ಅನಾವರಣಗೊಂಡ 182 ಮೀಟರಿನ ಏಕತಾ ಪ್ರತಿಮೆಯ ಹೊರಮೈಯ ಕಂಚಿನ ಫಲಕಗಳು ಎರಕಗೊಂಡದ್ದು ಚೀನಾದಲ್ಲಿ. ಇದನ್ನು ದೋಷವೆಂದು ಹಳಿಯಬೇಕಾಗಿಲ್ಲ. ಅಷ್ಟು ದೊಡ್ಡ ಕೆಲಸ ಒಬ್ಬನ ಕುಲುಮೆಯಲ್ಲಿ ನಡೆಯಲಾರದು. ಆದರೆ ಎತ್ತರ ಬೆಳೆದಂತೆ ಕೈಯ ಗುರುತು ಕುಗ್ಗುತ್ತದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಎರಡನೆಯದು ಬೇಡಿಕೆ. ಏಕತಾ ಪ್ರತಿಮೆಗೆ 182 ಎಂಬ ಅಂಕಿ ಬಂದದ್ದು ಗುಜರಾತ ವಿಧಾನಸಭೆಯ ಸ್ಥಾನಗಳ ಸಂಖ್ಯೆಯಿಂದ. ಕೆಂಪೇಗೌಡ ಪ್ರತಿಮೆಯ 108 ಅಡಿಗೆ ಸಂಪ್ರದಾಯದ ಶುಭಸಂಖ್ಯೆಯ ಬಲವಿದೆ. ಇವು ಮೂರ್ತಿಯ ಭಾವದಿಂದ ಮೂಡಿದ ಅಳತೆಗಳಲ್ಲ. ಛಂದಸ್ಸು ಮೊದಲೇ ಗೊತ್ತಾಗಿರುವ ಕವಿಯಂತೆ ಶಿಲ್ಪಿ ಆ ಚೌಕಟ್ಟಿನೊಳಗೆ ದುಡಿಯಬೇಕಾಗುತ್ತದೆ. ಒಳ್ಳೆಯ ಕವಿ ಛಂದಸ್ಸನ್ನು ಮೀರಿ ಮಾತಾಡಬಲ್ಲನೆಂಬುದಕ್ಕೆ ಸುತಾರರ ಆರಂಭದ ಕೃತಿಯೇ ಸಾಕ್ಷಿ. ಮಧ್ಯಪ್ರದೇಶದ ಗಾಂಧಿಸಾಗರ ಅಣೆಕಟ್ಟಿನ ಬಳಿ 45 ಅಡಿಯ ಚಂಬಲ್ ಸ್ಮಾರಕವಿದೆ. ನದಿ ಅಲ್ಲಿ ತಾಯಿಯಾಗಿ ನಿಂತಿದ್ದಾಳೆ. ಜೊತೆಗಿರುವ ಇಬ್ಬರು ಮಕ್ಕಳು ಮಧ್ಯಪ್ರದೇಶ ಮತ್ತು ರಾಜಸ್ಥಾನ. ಎರಡು ರಾಜ್ಯಗಳು ಹಂಚಿಕೊಳ್ಳುವ ನೀರಿನ ಕತೆಯನ್ನು ಒಂದು ಅಕ್ಷರವೂ ಇಲ್ಲದೆ ಹೇಳಿದ ಶಿಲ್ಪವಿದು. ಭೀಮೆ, ಕೃಷ್ಣೆಯರ ನೀರನ್ನು ಹಂಚಿಕೊಂಡು ಬದುಕುವ ಸೀಮೆಯ ಜನರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಎತ್ತರದಲ್ಲಿ ಏಕತಾ ಪ್ರತಿಮೆಯ ಹದಿಮೂರನೆಯ ಒಂದು ಪಾಲಾದರೂ ಮುಟ್ಟದ ಈ ಕೃತಿ ಏಕತೆಯನ್ನು ಅದಕ್ಕಿಂತ ಆಳವಾಗಿ ಹೇಳುತ್ತದೆ. ಏಕೆಂದರೆ ಇಲ್ಲಿ ಭಾವ ಬಂದದ್ದು ಆ ನೆಲದಿಂದ, ಆ ನದಿಯಿಂದ.

ಮೂರನೆಯದಾದ ನೆಲದ ಮಾತು ಬರುವುದು ಇಲ್ಲಿಯೇ. ನೆಲವನ್ನೇ ಮಾಧ್ಯಮವಾಗಿ ಬಳಸುವ ಭೂಕಲೆಯ ಹೆಸರಾಂತ ಉದಾಹರಣೆ ಅಮೆರಿಕದ ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಯೂಟಾದ ಉಪ್ಪುಸರೋವರದಲ್ಲಿ ಕಟ್ಟಿದ 'ಸ್ಪೈರಲ್ ಜೆಟ್ಟಿ': ಕಪ್ಪುಗಲ್ಲು ಮತ್ತು ಮಣ್ಣಿನಿಂದ ಸುರುಳಿಯಾಗಿ ಸಾಗುವ 1,500 ಅಡಿಯ ಒಡ್ಡು. ನೀರೇರಿದಾಗ ಅದು ದಶಕಗಳ ಕಾಲ ಮುಳುಗಿತು. ಬರ ಬಂದಾಗ ಮತ್ತೆ ಕಂಡಿತು. ಕೃತಿ ನೆಲಕ್ಕೆ ಅಧೀನವಾಗಿರಬೇಕೆಂಬುದೇ ಅದರ ತಿರುಳು. ಈ ತತ್ತ್ವವನ್ನು ದೂರದಿಂದ ತರಿಸಿಕೊಳ್ಳಬೇಕಾಗಿಲ್ಲ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ್ದನ್ನು ರಾಘವಾಂಕನ 'ಸಿದ್ಧರಾಮ ಚಾರಿತ್ರ'ವನ್ನು ಓದುವ ವಿದ್ಯಾರ್ಥಿಗಳು ಬಲ್ಲರು. ಸೊಲ್ಲಾಪುರದ ಆ ಕೆರೆಯೂ, ಊರ ಸುತ್ತಲಿನ 68 ಲಿಂಗಗಳೂ, ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳು ಸುತ್ತಿಬರುವ ಹಾದಿಯೂ ಸೇರಿ ಇಡೀ ಊರನ್ನೇ ಒಂದು ರೂಪವಾಗಿಸಿವೆ. ಅದನ್ನು ತಲೆಯೆತ್ತಿ ನೋಡುವುದಲ್ಲ, ನಡೆದು ತಿಳಿಯುವುದು.

ಈ ದೃಷ್ಟಿಯಿಂದ ಬೆಂಗಳೂರಿನ ಪ್ರತಿಮೆಯಲ್ಲಿಯೂ ಮೆಚ್ಚತಕ್ಕದ್ದು ಒಂದಿದೆ. 2022ರ ನವೆಂಬರ್ 11ರಂದು ಅನಾವರಣಗೊಂಡ ಕೆಂಪೇಗೌಡ ಪ್ರತಿಮೆಗೆ 98 ಟನ್ ಕಂಚು, 120 ಟನ್ ಉಕ್ಕು ಬಳಕೆಯಾಯಿತು. ಅದಕ್ಕಿಂತ ಅರ್ಥವಂತವಾದುದು ನಾಡಿನ ಊರೂರುಗಳಿಂದ ಮೃತ್ತಿಕೆಯನ್ನು ಸಂಗ್ರಹಿಸಿ ತಂದದ್ದು. ಆದರೆ ಮಣ್ಣನ್ನು ಪೂಜೆಗೆ ತರುವುದು ಒಂದು, ನೆಲದ ಮಾತನ್ನು ಕೇಳುವುದು ಇನ್ನೊಂದು. ನರ್ಮದೆಯ ಪ್ರತಿಮೆಯ ಸುತ್ತಲಿನ ಆದಿವಾಸಿ ಹಳ್ಳಿಗಳ ಜನ ತಮ್ಮ ಭೂಮಿಯ ಪ್ರಶ್ನೆಯನ್ನೆತ್ತಿ ಪ್ರತಿಭಟಿಸಿದ್ದೂ ಆ ಪ್ರತಿಮೆಯ ಚರಿತ್ರೆಯ ಭಾಗವೇ. ನೆಲವನ್ನೂ ಒಳಹಂದರವನ್ನೂ ಅವಸರದಲ್ಲಿ ಮರೆತರೆ ಏನಾದೀತೆಂಬುದನ್ನು ಯೋಚಿಸಲು ಮಾಲವಣದ ಘಟನೆ ಸಾಕು: ರಾಜಕೋಟ ಕೋಟೆಯಲ್ಲಿ 2023ರ ಡಿಸೆಂಬರಿನಲ್ಲಿ ಅನಾವರಣಗೊಂಡ ಶಿವಾಜಿ ಮಹಾರಾಜರ ಪ್ರತಿಮೆ, ಕಡಲಗಾಳಿಯ ಮೊದಲ ಮಳೆಗಾಲವನ್ನೂ ದಾಟದೆ, 2024ರ ಆಗಸ್ಟ್ 26ರಂದು ಕುಸಿಯಿತು. ಅದೇ ಸ್ಥಳದ ಹೊಸ ಪ್ರತಿಮೆಯ ಕೆಲಸ ಬಂದದ್ದು ಸುತಾರರ ಕಾರ್ಯಶಾಲೆಗೆ.

ದೊಡ್ಡ ಪ್ರತಿಮೆಗಳಿಂದ ಜನಸಮುದಾಯಕ್ಕೆ ಆತ್ಮಗೌರವ ದೊರೆಯುತ್ತದೆ, ಅದನ್ನು ಕಲೆಯ ತಕ್ಕಡಿಯಲ್ಲಿ ತೂಗಬಾರದು ಎಂಬ ವಾದವುಂಟು. ಅದು ತಳ್ಳಿಹಾಕುವ ವಾದವಲ್ಲ. ಶತಮಾನಗಳ ಕಾಲ ಊರ ಚೌಕದಲ್ಲಿ ನಿಲ್ಲಲು ಎಡೆಯಿಲ್ಲದಿದ್ದವರಿಗೆ ಅಲ್ಲಿ ತಮ್ಮವರೊಬ್ಬರ ಮೂರ್ತಿ ನಿಲ್ಲುವುದು ನಿಜವಾದ ಗೆಲುವು. ಆದರೆ ಆ ಗೌರವವನ್ನು ಕೊಡುವುದು ಮೂರ್ತಿಯ ಇರವೇ ಹೊರತು ನೆರೆಯೂರಿನದಕ್ಕಿಂತ ಹತ್ತಡಿ ಹೆಚ್ಚಿನ ಎತ್ತರವಲ್ಲ. ಎತ್ತರದ ಪೈಪೋಟಿಗೆ ಕೊನೆಯಿಲ್ಲ; ಗಡಿಯೂರುಗಳಲ್ಲಿ ಅದು ಒಂದು ಭಾಷೆಯವರ ಎದುರು ಇನ್ನೊಂದು ಭಾಷೆಯವರನ್ನು ನಿಲ್ಲಿಸುವ ಸುಲಭದ ಉಪಾಯವೂ ಆಗಬಲ್ಲದು. ಚಂಬಲ್ ತಾಯಿಯ ಇಬ್ಬರು ಮಕ್ಕಳಲ್ಲಿ ಯಾರು ಎತ್ತರವೆಂದು ಯಾರೂ ಅಳೆದು ನೋಡುವುದಿಲ್ಲ.

ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕನ್ನಡದಲ್ಲಿ ಕೊರೆದಿದ್ದಾರೆ. ದೇವಾಲಯ ಕಟ್ಟಿಸಿದ ಅರಸನಿಗೆ ಅದರಿಂದ ಕೊರತೆಯೇನೂ ಆಗಲಿಲ್ಲ. ಇಂದಿನ ಪೀಠಫಲಕಗಳಲ್ಲಿ ಗಣ್ಯರ ಹೆಸರು ಹತ್ತು ಸಾಲು ತುಂಬಿದರೂ ಶಿಲ್ಪಿಗೆ ಒಂದು ಸಾಲು ಸಿಗುವುದು ಕಷ್ಟ. ಎರಕದವರಿಗೆ ಅದೂ ಇಲ್ಲ. ಶಾಸನಗಳನ್ನು ಓದಲು ಕಲಿಯುತ್ತಿರುವ ವಿದ್ಯಾರ್ಥಿಗಳು ತಮ್ಮ ಊರಿನ ಚೌಕದ ಫಲಕವನ್ನೂ ಒಮ್ಮೆ ಶಾಸನದಂತೆ ಓದಬೇಕು. ಮಾಡಿದವರ ಹೆಸರು ಅಲ್ಲಿ ಇಲ್ಲವಾದರೆ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಕಂಚು ಉಳಿದೀತು, ಹೇಳಬಲ್ಲ ಹಿರಿಯರು ಉಳಿಯರು.