ಹೊಸ ಕವಿತೆಗೆ ರಾಗ ಹಾಕುವವರು ಬೇಕು

ಭಾವಗೀತೆ ಸ್ಪರ್ಧೆಗಳಿಗೆ ತೀರ್ಪುಗಾರಳಾಗಿ ಹೋದಾಗಲೆಲ್ಲ ನನ್ನನ್ನು ಒಂದೇ ಚಿಂತೆ ಕಾಡುತ್ತದೆ. ಮಕ್ಕಳ ಶ್ರುತಿ ಚೆನ್ನಾಗಿದೆ, ತಾಳ ಗಟ್ಟಿಯಾಗಿದೆ. ಅವರು ಹಾಡುವುದು ಮಾತ್ರ ಅವರ ಅಮ್ಮಂದಿರು ಕಾಲೇಜಿನಲ್ಲಿ ಬಹುಮಾನ ಗೆದ್ದಿದ್ದ ಹಾಡುಗಳನ್ನೇ, ಅದೇ ಧಾಟಿಯಲ್ಲಿ. ಅಶ್ವತ್ಥರು ಕ್ಯಾಸೆಟ್ಟಿನಲ್ಲಿ ಉಸಿರೆಳೆದುಕೊಂಡ ಜಾಗದಲ್ಲೇ ಇವರೂ ಉಸಿರೆಳೆದುಕೊಳ್ಳುತ್ತಾರೆ. ಹೀಗೇ ಮುಂದುವರಿದರೆ ಸುಗಮ ಸಂಗೀತ ಇನ್ನೊಂದು ತಲೆಮಾರಿಗೆ ಬರೀ ನೆನಪಾಗಿ ಉಳಿಯುತ್ತದೆ ಎಂಬುದು ನನ್ನ ಭಯ.

ಈ ಪ್ರಕಾರ ಹುಟ್ಟಿದ ಬಗೆಯನ್ನು ನೋಡಿದರೆ ಭಯಕ್ಕೆ ಕಾರಣ ತಿಳಿಯುತ್ತದೆ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿ ಅವರೊಂದಿಗೆ ಊರೂರು ತಿರುಗಿ ಹಾಡುತ್ತಿದ್ದ ಕಾಲದಲ್ಲಿ ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ ಎಲ್ಲರೂ ಇನ್ನೂ ಬರೆಯುತ್ತಿದ್ದರು. ಕೇಳುಗರಿಗೆ ಅದು ತಮ್ಮ ಕಾಲದ ಕವಿತೆ. ಅಂದಿನ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಅಷ್ಟರಲ್ಲಿ ಆಲಾಪಕ್ಕೆ, ಸ್ವರಪ್ರಸ್ತಾರಕ್ಕೆ ಎಡೆಯೆಲ್ಲಿ? ಹಾಡುಗಾರ ನೇರವಾಗಿ ಪದಕ್ಕೇ ಬರಬೇಕು. ಮಾತು ಮುಂದೆ, ರಾಗ ಅದರ ಹಿಂದೆ ಎಂಬ ನಮ್ಮ ಭಾವಗೀತೆಯ ಮರ್ಯಾದೆಗೆ ಆ ತಟ್ಟೆಯ ಇಕ್ಕಟ್ಟೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಆಮೇಲೆ ರೇಡಿಯೋ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಜಾಗ ಇಲ್ಲದಂತಾಯಿತು. ಕೇಳುಗರು ರೇಡಿಯೋ ಸಿಲೋನಿನತ್ತ ಹೊರಟರು. 1957ರಲ್ಲಿ ವಿವಿಧ ಭಾರತಿ ಬಂದ ಮೇಲಷ್ಟೇ ಅವರು ಮರಳಿದ್ದು. ಕೇಸ್ಕರರ ಹಟ ನನಗೆ ಒಪ್ಪಿಗೆಯಿಲ್ಲ. ಆದರೆ ಸಿನಿಮಾ ಹಾಡು ಬಿಟ್ಟ ಜಾಗ ತುಂಬಲು ಆಕಾಶವಾಣಿ ಲಘು ಸಂಗೀತಕ್ಕೆ ಕೈಹಾಕಿತು, ಕಲಾವಿದರಿಗೆ ಸಂಬಳ ಕೊಟ್ಟು ಹೊಸ ಧಾಟಿ ಕಟ್ಟಿಸಿತು. ಬೆಂಗಳೂರು ನಿಲಯದಲ್ಲಿ ಎಚ್.ಕೆ. ನಾರಾಯಣ, ಪದ್ಮಚರಣ್ ಅವರಂಥವರು ಕವಿತೆಗೆ ರಾಗ ಹಾಕುವುದನ್ನೇ ನಿತ್ಯದ ಕೆಲಸ ಮಾಡಿಕೊಂಡಿದ್ದರು. ಹೊಸ ಹಾಡು ಬೇಕೆಂದು ಕೇಳುವವರಿದ್ದರು, ಅದಕ್ಕೇ ಹೊಸ ಹಾಡು ಹುಟ್ಟಿತು.

ಕ್ಯಾಸೆಟ್ಟಿನ ಕಾಲವೂ ಹೀಗೇ ಶುರುವಾಯಿತು. ನಿಸಾರ್ ಅಹಮದರ 'ನಿತ್ಯೋತ್ಸವ' ಸಂಕಲನ ಬಂದದ್ದು 1976ರಲ್ಲಿ. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಅದೇ ಹೆಸರಿನ ಕ್ಯಾಸೆಟ್ ಬಂದದ್ದು 1978ರಲ್ಲಿ. ನಡುವೆ ಎರಡೇ ವರ್ಷ! ಪುಸ್ತಕದ ಶಾಯಿ ಆರುವ ಮೊದಲೇ ಕವಿತೆ ಮನೆಮನೆಯ ಟೇಪ್ ರೆಕಾರ್ಡರಿಗೆ ಬಂತು. ಅಶ್ವತ್ಥರು ಶರೀಫರ ತತ್ವಪದಗಳಿಗೆ ಹೊಸ ಆವೇಶ ತುಂಬಿದರು, ಜೊತೆಗೆ ಲಕ್ಷ್ಮೀನಾರಾಯಣ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿಯವರಂಥ ತಮ್ಮ ಕಾಲದ ಕವಿಗಳನ್ನೂ ಹಾಡಿದರು. ಇವತ್ತು ಪುಸ್ತಕದಂಗಡಿಯಲ್ಲಿ ಎರಡು ವರ್ಷದ ಹಿಂದೆ ಬಂದ ಕವನಸಂಕಲನ ಕೈಗೆತ್ತಿಕೊಂಡು ಹಾರ್ಮೋನಿಯಂ ಮುಂದೆ ಕೂರುವವರು ಎಷ್ಟು ಮಂದಿ?

ಈಗಿನ ಕವಿತೆಗೆ ಲಯವಿಲ್ಲ, ಹಾಡಲು ಬರುವುದಿಲ್ಲ ಎಂದು ನನ್ನ ಜೊತೆಯ ಗಾಯಕರೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಿಸಾರರ 'ಕುರಿಗಳು ಸಾರ್ ಕುರಿಗಳು' ಏನು ಕೋಮಲ ಪ್ರೇಮಗೀತೆಯೇ? ಅನಂತಸ್ವಾಮಿ ಅದನ್ನೂ ಜನ ಗುನುಗುವಂತೆ ಮಾಡಿದರು.

ಕಳೆದ ಮಳೆಗಾಲದಲ್ಲಿ ನನ್ನ ಶಿಷ್ಯೆಯೊಬ್ಬಳು ಯುವ ಕವಿಯೊಬ್ಬರ ಪದ್ಯ ತಂದಳು. ಗಾರ್ಮೆಂಟ್ಸ್ ಹುಡುಗಿಯೊಬ್ಬಳು ರಾತ್ರಿಯ ಕೊನೆ ಬಸ್ಸಿಗೆ ಕಾಯುವ ಪದ್ಯ. ಸಾಲುಗಳು ಉದ್ದ ಗಿಡ್ಡ, ಪ್ರಾಸವಿಲ್ಲ, ಪಲ್ಲವಿ ಎಂದು ಹಿಡಿಯಲು ಒಂದು ಸಾಲೂ ಮರಳಿ ಬರುವುದಿಲ್ಲ. ಮೊದಲು ಭೀಮ್‌ಪಲಾಸಿನಲ್ಲಿ ಹಾಡಿ ನೋಡಿದೆವು. ಇಂಪಾಗಿಯೇ ಇತ್ತು, ಆದರೆ ಆ ಹುಡುಗಿಯ ದಣಿವೆಲ್ಲ ವಿರಹವಾಗಿಬಿಟ್ಟಿತು. ಬಿಟ್ಟೆವು. ನಾಲ್ಕೇ ಸ್ವರ ಇಟ್ಟುಕೊಂಡು, ದಾದ್ರಾದಲ್ಲಿ, ಮಾತಾಡುವಷ್ಟೇ ಏರಿಳಿತದಲ್ಲಿ ಹೇಳಿಸಿದೆ. ನಡುವೆ 'ಟಿಕೆಟ್' ಎಂಬ ಪದ ಬಂದಾಗ ಅವಳು ನಿಂತಳು, ಅದನ್ನು ಎಳೆಯಲು ಬರುವುದಿಲ್ಲ ಎಂದಳು. ಎಳೆಯಬೇಡ, ತಬಲಾದ ಪೆಟ್ಟಿಗೆ ಸರಿಯಾಗಿ ಕಡಿದು ಹೇಳು ಎಂದೆ. ಕಂಡಕ್ಟರ್ ಚೀಟಿ ಹರಿದ ಹಾಗೆ ಕೇಳಿಸಿತು. ಪದ್ಯದ ಕೊನೆಯಲ್ಲಿ ಆ ಗಾರ್ಮೆಂಟ್ಸ್ ಹುಡುಗಿಯ ಊರಿನ ಹೆಸರಿದೆ. ರಾಗವನ್ನು ಅಲ್ಲಿಯವರೆಗೂ ಬಿಗಿಹಿಡಿದಿಟ್ಟು ಆ ಒಂದು ಹೆಸರನ್ನು ಮಾತ್ರ ತಾರಸ್ಥಾಯಿಗೆ ಬಿಟ್ಟೆವು. ಆಗ ಪಲ್ಲವಿಯೂ ತಾನಾಗಿ ಸಿಕ್ಕಿತು, ಆ ಊರಿನ ಹೆಸರೇ.

ಹಳೆಯ ಹಾಡು ಬೇಡ ಎನ್ನುತ್ತಿಲ್ಲ. ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯೇ ಇರಲಿ, ಎರಡೂವರೆ ನಿಮಿಷದಲ್ಲಿ ಮುಗಿಯಲಿ ಎಂದು 2022ರಲ್ಲಿ ಸರ್ಕಾರ ಆದೇಶ ಮಾಡಿದಾಗ, ಅಶ್ವತ್ಥರ ಧಾಟಿಯೋ ಅನಂತಸ್ವಾಮಿಯವರ ಧಾಟಿಯೋ ಎಂದು ಎಷ್ಟು ಜಗಳವಾಯಿತು, ನ್ಯಾಯಾಲಯದವರೆಗೂ ಹೋಯಿತು. ಒಂದು ಧಾಟಿಗಾಗಿ ಇಷ್ಟು ಹೊಡೆದಾಡುವಷ್ಟು ಪ್ರೀತಿ ನಮ್ಮಲ್ಲಿದೆ. ಅದರಲ್ಲಿ ಸ್ವಲ್ಪ ಹೊಸ ಹಾಡಿಗೂ ಸಲ್ಲಲಿ ಎಂಬುದಷ್ಟೇ ನನ್ನ ಬೇಡಿಕೆ.

ಮಾಡಬಹುದಾದದ್ದು ದೊಡ್ಡದೇನಲ್ಲ. ಯುವಜನೋತ್ಸವದ, ಕಾಲೇಜು ಸ್ಪರ್ಧೆಗಳ ನಿಯಮದಲ್ಲಿ ಒಂದು ಸಾಲು ಸೇರಿಸಿ: ಎರಡು ಹಾಡಿನಲ್ಲಿ ಒಂದು ಈಗ ಬರೆಯುತ್ತಿರುವ ಕವಿಯದ್ದು, ಹೊಸ ಧಾಟಿಯದ್ದು ಇರಬೇಕು. ಟ್ರ್ಯಾಕ್ ಸಿಗುವುದಿಲ್ಲ ಎಂದು ಮೇಷ್ಟ್ರುಗಳು ಗೊಣಗುತ್ತಾರೆ. ಸಿಗದಿರುವುದೇ ಒಳ್ಳೆಯದು, ಹಾರ್ಮೋನಿಯಂ ಮುಟ್ಟಬೇಕಾಗುತ್ತದೆ. ನಿರೂಪಕರು ಕವಿಯ ಹೆಸರಿನ ಜೊತೆ ರಾಗ ಹಾಕಿದವರ ಹೆಸರನ್ನೂ ಹೇಳಲಿ. ಹಾಡು ಕಟ್ಟಿದ ಮಕ್ಕಳು ಒಮ್ಮೆ ಕವಿಯ ಮನೆಗೆ ಹೋಗಿ, ಎದುರಿಗೆ ಕೂತು ಹಾಡಲಿ. ಒಪ್ಪಿಗೆಯಾಗದ ಜಾಗವಿದ್ದರೆ ಕವಿ ಅಲ್ಲೇ ಹೇಳುತ್ತಾರೆ.